ಹನ್ನೆರಡನೆಯ ಕಾಯಿ

ಊದುಗೊಳವೆ ಬಾಯಲ್ಲಿದ್ದಾಗ ಮಾತಾಡಿಸಬೇಡಿ ಎಂದು ಬಕಿವ ನಾಲ್ಕು ತಿಂಗಳಿಂದ ಹೇಳುತ್ತಲೇ ಇದ್ದ. ಸಾರ್ಡಿಸ್‌ನ ಅಕ್ಕಸಾಲಿಗರ ಕೇರಿಯಲ್ಲಿ ಈ ಮಾತು ತಲೆಗೆ ಹೋಗದಿದ್ದುದು ಅತಲಿಯಮ್ಮನೊಬ್ಬಳಿಗೆ.

ಅವಳು ಮಾಡಿಸುತ್ತಿದ್ದುದು ತನ್ನ ಗೋರಿಗೆ ಒಯ್ಯುವ ಸರ. ಓಕ್ ಮರದ ಕಾಯಿಯಂಥ ಹನ್ನೆರಡು ಚಿನ್ನದ ಕಾಯಿ, ನಡುನಡುವೆ ಕೆಂಪು ಕಲ್ಲಿನ ಮಣಿ. ಪ್ರತಿ ಕಾಯಿಯ ಮೈಮೇಲೆ ಸಾಸಿವೆಗಿಂತ ಸಣ್ಣ ಚಿನ್ನದ ರವೆ. ಬಕಿವನ ಕೈಯಿಂದ ಇಷ್ಟು ಒಳ್ಳೆಯ ಕೆಲಸ ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಅನುಮಾನ. ಒಬ್ಬರ ಕಣ್ಣಿಗೂ ಬೀಳದೆ ಅದು ಮಣ್ಣು ಸೇರುತ್ತದಲ್ಲ ಎಂಬುದೇ ಅವನ ಸಂಕಟ.

"ಕುವಾವ ದೇವಿ ಹಬ್ಬಕ್ಕೆ ಒಂದೇ ಒಂದು ದಿನ ಹಾಕ್ಕೊಳ್ಳಿ, ಅಮ್ಮಾವ್ರೇ," ಎಂದು ಗೋಗರೆದಿದ್ದ.

"ಬಿಡ್ತು ಅನ್ನು! ಸತ್ತವರ ಒಡವೆ ಬದುಕಿರೋರು ಹಾಕ್ಕೋತಾರೇನೋ?"

ಹಬ್ಬದ ಹಿಂದಿನ ಬೆಳಿಗ್ಗೆ ಕೊನೆಯ ಕಾಯಿ ಕೆಂಡದ ಮೇಲಿತ್ತು. ರವೆ ಅಂಟುವ ಹೊತ್ತು. ಒಂದು ಉಸಿರು ಹೆಚ್ಚಾದರೂ ಕರಗಿಹೋಗುತ್ತದೆ. ಅತಲಿಯಮ್ಮ ಬಾಗಿಲಲ್ಲೇ ಶುರುಮಾಡಿದಳು.

"ಇನ್ನೂ ಆಗ್ಲಿಲ್ವೇನಯ್ಯಾ? ನಿನ್ನ ನಂಬ್ಕೊಂಡು ನಾನು ಸಾಯೋ ಹಾಗೂ ಇಲ್ಲ!"

ಬಕಿವ ಊದುತ್ತಲೇ ಕಣ್ಣಲ್ಲಿ ಬೇಡಿಕೊಂಡ.

"ಕೇಳಿದ್ದಕ್ಕೆ ಉತ್ತರ ಇಲ್ಲ. ಸೊಕ್ಕು! ನಿಮ್ಮಪ್ಪ ಆಗಿದ್ರೆ ಎರಡೇ ತಿಂಗಳಲ್ಲಿ ಮುಗಿಸ್ತಿದ್ದ."

ಸಿಟ್ಟೆಲ್ಲ ಉಸಿರಿಗೆ ಹೋಯಿತು. ಕೆಂಡ ಧಗ್ಗೆಂದಿತು, ರವೆಯೆಲ್ಲ ಕರಗಿ ಕಾಯಿ ನುಣ್ಣಗಾಯಿತು.

ಬಕಿವ ಕೊಳವೆ ಎಸೆದ. "ನಮ್ಮಪ್ಪನಿಗೆ ರವೆ ಕೂರಿಸೋಕೇ ಬರ್ತಿರ್ಲಿಲ್ಲ! ನೋಡಿ ಈಗ! ಇನ್ನು ಹದಿನೈದು ದಿನ ಬೇಕು."

ಅತಲಿಯಮ್ಮ ಬಗ್ಗಿ ನೋಡಿದಳು. ಹನ್ನೊಂದು ಕಾಯಿಯ ಸರವನ್ನು ಎತ್ತಿಕೊಂಡಳು.

"ಹಾಗಾದ್ರೆ ಇದಿನ್ನೂ ಮುಗಿದಿಲ್ಲ ಅನ್ನು."

"ಎಲ್ಲಿ ಮುಗೀತು, ನೀವು ಬಿಟ್ರೆ ತಾನೆ!"

"ಮುಗೀದೇ ಇರೋದು ಸತ್ತವರದ್ದಾಗಲ್ಲ." ಸರ ಕೊರಳಿಗೇರಿತು. "ಕನ್ನಡಿ ಕೊಡು. ನಾಳೆ ಹಾಕ್ಕೋತೀನಿ."

ಹಬ್ಬದ ಮಾರನೆಯ ದಿನ, ಹೊಸ ಕಾಯಿಗೆಂದು ಚಿನ್ನ ಕೆಂಡಕ್ಕಿಡುವಷ್ಟರಲ್ಲಿ ಮತ್ತೆ ಬಂದಳು.

"ಹೆಂಗಸರೆಲ್ಲ ಮುತ್ಕೊಂಡ್ರು ಕಣಯ್ಯಾ! ಯಾರ ಕೈಕೆಲಸ ಅಂತ ಒಂದೇ ಸಮ. ನಿನ್ನ ಹೆಸರು ಹೇಳೀ ಹೇಳೀ ಗಂಟಲು ಒಣಗ್ತು."

ಬಕಿವ ಹಿಗ್ಗಿ ಊದುಗೊಳವೆಗೆ ಕೈ ಹಾಕಿದ.

"ಅವಸರ ಮಾಡ್ಬೇಡ," ಎಂದಳು ಅತಲಿಯಮ್ಮ. "ಬರೋ ತಿಂಗಳು ನಮ್ಮ ತಂಗಿ ಮೊಮ್ಮಗಳ ಮದುವೆ. ಆಮೇಲೆ ದ್ರಾಕ್ಷಿ ಕೊಯ್ಲು."

"ನಾಲ್ಕು ತಿಂಗಳು ಬೇಗ ಬೇಗ ಅಂತ ನನ್ನ ಪ್ರಾಣ ತಿಂದ್ರಲ್ಲ!"

"ಅದಕ್ಯಾಕೆ ಕೂಗಾಡ್ತೀಯ? ಅಂದ ಹಾಗೆ, ಮೂರನೇ ಕಾಯಿ ಒಂಚೂರು ವಾಲಿದೆಯಂತೆ. ಬಿಚ್ಚಿ ಸರಿಮಾಡು."

ಬಕಿವ ಹಲ್ಲು ಕಚ್ಚಿ ಇಕ್ಕುಳ ತೆಗೆದುಕೊಂಡ. ಮೂರನೆಯ ಕಾಯಿ ನೆಟ್ಟಗೇ ಇತ್ತು.