ಮೊಣಕಾಲೂರುವ ಜಾಗ

ಊರಿಗೆಲ್ಲ ಮೆತ್ತಗೆ ಕೂರಲು ಜಾಗ ಮಾಡಿಕೊಟ್ಟವನಿಗೆ ತನ್ನ ಮನೆಯಲ್ಲಿ ಕೂತರೆ ಮಾತ್ರ ಮುಳ್ಳಿನ ಮೇಲೆ ಕೂತ ಹಾಗಾಗುತ್ತಿತ್ತು. ಜನ ಅವನನ್ನು ಸೋಫಾ ಸಾಹುಕಾರ ಎಂದೇ ಕರೆಯುತ್ತಿದ್ದರು. ಸೂಜಿ, ಸುತ್ತಿಗೆ ಹಿಡಿದು ಬಾಡಿಗೆಯ ಮೂಲೆಯೊಂದರಲ್ಲಿ ಶುರುಮಾಡಿದವನು ಈಗ ಎರಡಂತಸ್ತಿನ ಅಂಗಡಿಯ ಯಜಮಾನ. ಅಂಗಡಿ ದೊಡ್ಡದಾದರೆ ಸಾಕು ಅಂದುಕೊಂಡಿದ್ದ. ದೊಡ್ಡದಾಯಿತು. ಸ್ವಂತ ಮನೆಯಾದರೆ ಸಾಕು ಅಂದುಕೊಂಡ. ಅದೂ ಆಯಿತು. ಪ್ರತಿ ಸಲವೂ ಖುಷಿ ಹೊಸ ಬಟ್ಟೆಯ ವಾಸನೆಯ ಹಾಗೆ ನಾಲ್ಕು ದಿನ ಇದ್ದು ಹಾರಿಹೋಗುತ್ತಿತ್ತು. ಹೆಂಡತಿ ತೀರಿಕೊಂಡ ಮೇಲಂತೂ ನಡುಮನೆಯಲ್ಲಿ ಅವನೇ ಹೊಲಿದ ಕುರ್ಚಿಗಳು ಒಂದೂ ಸುಕ್ಕಿಲ್ಲದೆ ಗೋಡೆಗೊರಗಿ ನಿಂತಿದ್ದವು. ಕೂರುವವರಿಲ್ಲ. ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟರೆ ಅಂಗಡಿಯಿಂದ ಇನ್ನೊಂದು ಅಂಗಡಿಗೆ ಬಂದಂತೆ.

ಈಗ ಅವನ ಕಣ್ಣು ಹೊಸದಾಗಿ ಏಳುತ್ತಿದ್ದ ದೊಡ್ಡ ಹೋಟೆಲಿನ ಮೇಲೆ. ಅದರ ಅಷ್ಟೂ ಕೋಣೆಗಳ ಕುರ್ಚಿ, ಸೋಫಾಗಳ ಕೆಲಸ ಕೈಗೆ ಬಂದರೆ ಮನಸ್ಸು ತುಂಬುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅವತ್ತು ಮಧ್ಯಾಹ್ನ ಹೋಟೆಲಿನ ಮ್ಯಾನೇಜರು ಅಂಗಡಿಗೆ ಬಂದು ಮಾತು ಮುಗಿಸುವವರಿದ್ದರು.

ಅದೇ ದಿನ ಚರ್ಚಿನ ಕೆಲಸವೂ ತಗಲಿಕೊಂಡಿತು. ಬೆಂಚುಗಳ ಮುಂದೆ ಜನ ಮೊಣಕಾಲೂರುವ ಉದ್ದನೆಯ ದಿಂಬುಗಳು ಹರಿದು ನಾರು ಆಚೆ ಬಂದಿದ್ದವು. ಪಾದ್ರಿಗಳು ಕೇಳಿದಾಗ ‘ಕೆಲಸದವರನ್ನ ಕಳಿಸ್ತೀನಿ’ ಅಂದಿದ್ದ. ಕೆಲಸದವರೆಲ್ಲ ಮ್ಯಾನೇಜರಿಗೆ ತೋರಿಸುವ ಮಾದರಿ ಕುರ್ಚಿಗಳಲ್ಲಿ ಮುಳುಗಿದ್ದರು. ಕೊಟ್ಟ ಮಾತು ತಪ್ಪಬಾರದೆಂದು ಬೆಳಿಗ್ಗೆಯೇ ತಾನೇ ಚೀಲ ಹೆಗಲಿಗೇರಿಸಿಕೊಂಡು ಬಂದ.

ಖಾಲಿ ಚರ್ಚಿನಲ್ಲಿ ಮೇಣದಬತ್ತಿಯ ಕಂಬಗಳನ್ನು ಉಜ್ಜುವ ಅಜ್ಜಿಯೊಬ್ಬಳೇ ಇದ್ದಳು. ಭಾನುವಾರದ ಆರಾಧನೆಯಲ್ಲಿ ಅವನದು ಯಾವತ್ತೂ ಕಟ್ಟಕಡೆಯ ಬೆಂಚು. ಎಲ್ಲರೂ ಮೊಣಕಾಲೂರಿದಾಗ ಅವನು ಮುಂದಿನ ಬೆಂಚಿಗೆ ಹಣೆ ಆನಿಸಿ ಬಾಗುತ್ತಿದ್ದನೇ ಹೊರತು ಕೂತಲ್ಲಿಂದ ಏಳುತ್ತಿರಲಿಲ್ಲ. ‘ಪ್ಯಾಂಟಿನ ಇಸ್ತ್ರಿ ಕೆಡುತ್ತೆ’ ಅನ್ನುತ್ತಿದ್ದ. ‘ದೇವರೇನು ನಿಮ್ಮ ಇಸ್ತ್ರಿ ನೋಡ್ಕೊಂಡು ಕೂತಿದಾನಾ?’ ಎಂದು ಹೆಂಡತಿ ನಗುತ್ತಿದ್ದಳು.

ಅವಳ ಜಾಗ ಮುಂದಿನಿಂದ ಮೂರನೆಯ ಬೆಂಚಿನ ತುದಿಯಲ್ಲಿ, ಕಂಬದ ಪಕ್ಕ. ಅಲ್ಲಿಯ ದಿಂಬಿನ ಹೊದಿಕೆ ಬಿಚ್ಚಿದಾಗ ಹಳೆಯ ನಾರಿನಲ್ಲಿ ಮೊಣಕಾಲು ಊರಿ ಊರಿ ಬಿದ್ದ ಎರಡು ಸಣ್ಣ ಗುಳಿಗಳು ಕಂಡವು. ಅವನ ಕೈ ನಿಂತಿತು. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ‘ಏನು ಬೇಕು ಹೇಳು’ ಎಂದು ಕೇಳಿದಾಗಲೆಲ್ಲ ಅವಳು ‘ಇದೆಯಲ್ಲ’ ಅನ್ನುತ್ತಿದ್ದಳು. ಏನಿದೆ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಅವಳಿಗೆ ಆಸೆ ಕಡಿಮೆ ಅಂದುಕೊಂಡು ಸುಮ್ಮನಾಗಿದ್ದ.

ಹೊಸ ಸ್ಪಂಜು ತುಂಬಿದ, ಬಟ್ಟೆ ಎಳೆದು ಮೊಳೆ ಹೊಡೆದ. ಅಂಗಡಿಯ ರೂಢಿಯಂತೆ ಅಂಗೈಯಿಂದ ಒತ್ತಿ ನೋಡಿದ.

“ಅಂಗೈಲಿ ಪ್ರಾರ್ಥನೆ ಮಾಡ್ತಾರೇನಪ್ಪ?” ಅಜ್ಜಿ ಅಲ್ಲಿಂದಲೇ ಕೂಗಿದಳು. “ಹೋದ ಸಲ ಬಂದವನೂ ಹಿಂಗೇ ಕೈಲಿ ಒತ್ತಿ ಹೋದ. ವರ್ಷಪೂರ್ತಿ ಮೊಳೆ ಚುಚ್ಚಿಸ್ಕೊಂಡೋರು ನಾವು. ಪಾದ್ರಿಗಳೇನೋ ನಮ್ಮ ಕಣ್ಣೀರು ನೋಡಿ ಜನಕ್ಕೆ ಪಶ್ಚಾತ್ತಾಪ ಬಂದಿದೆ ಅಂದ್ಕೊಂಡ್ರು. ಮೊಣಕಾಲಿಟ್ಟು ನೋಡು!”

ಅವನಿಗೂ ನಗು ಬಂತು. ಕೆಲಸದ ಮಾತು, ತೆಗೆದುಹಾಕುವಂತಿಲ್ಲ. ಪ್ಯಾಂಟು ಸ್ವಲ್ಪ ಮೇಲೆಳೆದುಕೊಂಡು ಮೊಣಕಾಲೂರಿದ.

ದಿಂಬು ಸರಿಯಾಗಿತ್ತು. ಏಳಬಹುದಿತ್ತು. ತಲೆ ಬಾಗಿಸಿದರೆ ಅಲ್ಲಿಂದ ಕಾಣುವುದಾದರೂ ಏನು? ಪೀಠವಿಲ್ಲ, ಶಿಲುಬೆಯಿಲ್ಲ; ಮೂಗಿನ ಮುಂದೆ ಬೆಂಚಿನ ಬರೀ ಹಲಗೆ. ಇಷ್ಟು ವರ್ಷ ಅವಳು ನೋಡುತ್ತಿದ್ದದ್ದು ಇದನ್ನೇ. ಎದೆಯೊಳಗೆ ಯಾವುದೋ ಹೊಲಿಗೆ ಬಿಟ್ಟಂತಾಯಿತು.

“ಯೇಸಪ್ಪಾ,” ಅಂದ. ಧ್ವನಿ ಅವನಿಗೇ ಅಪರಿಚಿತವಾಗಿತ್ತು. “ಕೇಳಿದ್ದೆಲ್ಲ ಕೊಟ್ಟೆ. ಒಂದೂ ಮೈಗೆ ಹತ್ತಲಿಲ್ಲ. ಇವತ್ತು ಇನ್ನೊಂದು ತರೋಕೆ ಹೊರಟಿದೀನಿ, ಅದೂ ಹತ್ತಲ್ಲ ಅಂತ ನಂಗೊತ್ತು. ನನಗೆ ಸಾಕಾಗಿದೆ. ನೀನೇ ಬಾ.”

ಉತ್ತರವೇನೂ ಕೇಳಿಸಲಿಲ್ಲ. ಆದರೆ ಎದ್ದು ಹೋಗಬೇಕೆಂದೂ ಅನಿಸಲಿಲ್ಲ. ತನ್ನ ಮೌನವನ್ನು ಪಕ್ಕದಲ್ಲೇ ಕೂತು ಯಾರೋ ಕೇಳಿಸಿಕೊಳ್ಳುತ್ತಿದ್ದ ಹಾಗಿತ್ತು. ಕಿಟಕಿಯ ಬಿಸಿಲು ಒಂದು ಬೆಂಚಿನಿಂದ ಇನ್ನೊಂದಕ್ಕೆ ಸರಿದದ್ದು ಅವನ ಗಮನಕ್ಕೆ ಬರಲಿಲ್ಲ.

ಫೋನು ಬಡಿದುಕೊಂಡಿತು. ಅಂಗಡಿಯ ಮೇಸ್ತ್ರಿ.

“ಯಜಮಾನ್ರೇ, ಎಲ್ಲಿದೀರಾ? ಮ್ಯಾನೇಜರು ಬಂದು ಕೂತಿದಾರೆ. ಮಾದರಿ ಕುರ್ಚಿಯಲ್ಲೇ.”

“ಹೇಗಿದೆಯಂತೆ?”

“ಏನು?”

“ಕುರ್ಚಿ.”

“ತಮಾಷೆ ಮಾಡ್ಬೇಡಿ! ಈಗಲೇ ಬರದಿದ್ರೆ ಎದುರಂಗಡಿಗೆ ಹೋಗ್ತಾರಂತೆ.”

ಅವನು ಮುಂದಿನ ಹಲಗೆಯ ಮೇಲೆ ಅಂಗೈಯಿಟ್ಟ. “ಎದುರಂಗಡಿಗೆ ಯಾಕೆ? ನೀನೇ ಮಾತಾಡು. ಕೆಲಸ ನಿನ್ನ ಹೆಸರಲ್ಲೇ ಹಿಡ್ಕೊ. ಜಾಗ, ಮೆಷಿನು ಎಲ್ಲಾ ಬಳಸ್ಕೊ. ನಾನು ಬೇಕಾದ್ರೆ ಪಕ್ಕದಲ್ಲಿ ಕೂತು ಹೊಲೀತೀನಿ.”

ಮೇಸ್ತ್ರಿ ಧ್ವನಿ ತಗ್ಗಿಸಿದ. “ತಲೆ ಗಿಲೆ ತಿರುಗ್ತಿದೆಯಾ ಯಜಮಾನ್ರೇ? ಡಾಕ್ಟರನ್ನ ಕರ್ಕೊಂಡು ಬರ್ಲಾ?”

“ಇಲ್ಲ ಕಣೋ. ನಿನಗೆ ಬೇಕು, ನನಗೆ ಬೇಡ. ಅಷ್ಟೇ. ಅವರನ್ನ ಕಾಯಿಸ್ಬೇಡ, ಹೋಗು.”

ಫೋನು ಇಟ್ಟ. ಹೆಬ್ಬೆರಳು ಮತ್ತೆ ಮೇಸ್ತ್ರಿಯ ಹೆಸರಿನ ಮೇಲೆ ಹೋಗಿ ನಿಂತಿತು. ಒಂದು ಸಲ ಒತ್ತಿದ್ದರೆ ಎಲ್ಲ ಹಿಂದಕ್ಕೆ ಬರುತ್ತಿತ್ತು. ಫೋನನ್ನು ಬಟ್ಟೆಯ ತುಂಡುಗಳ ಕೆಳಗೆ ತುರುಕಿ ಚೀಲವನ್ನು ದೂರ ತಳ್ಳಿದ. ಸಂಜೆ ಮನೆಗೆ ಹೋದರೆ ಅದೇ ಕತ್ತಲೆ, ಅದೇ ಬೀಗ. ಅದೇನೂ ಬದಲಾಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಎದ್ದು ಓಡ್ತೀಯ ಅಂದ್ಕೊಂಡೆ,” ಅಂದಳು.

“ನಾನೂ ಹಾಗೇ ಅಂದ್ಕೊಂಡಿದ್ದೆ ಅಜ್ಜಿ.”

ಅವಳು ಕೈ ಒರೆಸಿಕೊಂಡು ಆಚೆ ಬದಿಯ ಬೆಂಚು ಹಿಡಿದು, “ಅಯ್ಯಪ್ಪಾ ನನ್ನ ಮೂಳೆ” ಎನ್ನುತ್ತ, ಇನ್ನೂ ಹರಿದೇ ಇದ್ದ ದಿಂಬಿನ ಮೇಲೆ ನಿಧಾನವಾಗಿ ಮೊಣಕಾಲೂರಿದಳು. ಇಬ್ಬರ ನಡುವೆ ನಡುದಾರಿಯಷ್ಟಗಲದ ಖಾಲಿ ಜಾಗ. ಸ್ವಲ್ಪ ಹೊತ್ತಿಗೆ ಅವಳ ಪಿಸುಮಾತು ಕೇಳಿಸತೊಡಗಿತು. ಅದು ಅವನಿಗೆ ಹೇಳಿದ್ದಲ್ಲ. ಅವನು ಕಣ್ಣು ಮುಚ್ಚಿಕೊಂಡ.