ಏಳು ಬಟ್ಟಲಿನ ಕೀಲಿಕೈ

ನಾನು ಒಂದು ಒಗ್ಗರಣೆ ಡಬ್ಬಿ. ಮೈ ಸ್ಟೀಲು, ಆಕಾರ ದುಂಡು, ಹೊಟ್ಟೆಯೊಳಗೆ ಏಳು ಪುಟ್ಟ ಬಟ್ಟಲು: ನಡುವೆ ಒಂದು, ಸುತ್ತ ಆರು. ಎಲ್ಲೋ ದೂರದ ಕಾರ್ಖಾನೆಯಲ್ಲಿ ತಗಡನ್ನು ಅಚ್ಚಿಗೆ ಒತ್ತಿ ನನ್ನನ್ನು ಮಾಡಿದರು. ಆ ನೋವು ಈಗ ನೆನಪಿಲ್ಲ. ನೆನಪಿರುವುದು ಗದಗಿನ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸಿಕೊಂಡಾಗಿನ ಕಚಗುಳಿ. ಗುಂಯ್ ಎನ್ನುವ ಮಷಿನ್ನಿನ ಮೊನೆಯಿಂದ ಅಂಗಡಿಯವನು ನನ್ನ ಮುಚ್ಚಳದ ಮೇಲೆ ‘ಚಿ. ಸೌ. ಕಸ್ತೂರಿಗೆ, ತವರಿನಿಂದ’ ಎಂದು ಕೆತ್ತಿದ. ಮದುವೆಗೆ ಕೊಡುವ ಪಾತ್ರೆಗೆ ಹೆಸರಿಲ್ಲದಿದ್ದರೆ ಅದು ಯಾರ ಮನೆಗೋ ಹೋಗಿಬಿಡುತ್ತದೆ ಎಂಬ ಭಯ ನಮ್ಮ ಜನಕ್ಕೆ. ಅಂತೂ ಆ ಹೆಸರಿನಿಂದಾಗಿ ನಾನು ಇಡೀ ಆಯುಷ್ಯವನ್ನು ಒಬ್ಬಳ ಕೈಯಲ್ಲೇ ಕಳೆದೆ.

ಕಸ್ತೂರಿ ಶಿಸ್ತಿನವಳು. ಸಾಸಿವೆ, ಉದ್ದಿನಬೇಳೆ, ಜೀರಿಗೆ, ಮೆಂತ್ಯ, ಮೆಣಸಿನಕಾಯಿ, ಇಂಗು, ಅರಿಶಿನ, ಒಂದೊಂದಕ್ಕೂ ಅದರದೇ ಬಟ್ಟಲು. ಸಾಸಿವೆಯದಕ್ಕೆ ಅಂಚಿನಲ್ಲಿ ಒಂದು ತಗ್ಗು, ಅರಿಶಿನದ್ದಕ್ಕೆ ಎಷ್ಟು ತಿಕ್ಕಿದರೂ ಹೋಗದ ಹಳದಿ ಕಲೆ, ಇಂಗಿನದಕ್ಕೆ ಜನ್ಮಕ್ಕಂಟಿದ ವಾಸನೆ. ಒಗ್ಗರಣೆಗೂ ಒಂದು ಕ್ರಮವಿತ್ತು. ಎಣ್ಣೆ ಕಾದ ಮೇಲೆ ಮೊದಲು ಸಾಸಿವೆ; ಅದು ಸಿಡಿದ ಮೇಲೆಯೇ ಉಳಿದವು; ಕೊನೆಗೆ ಇಂಗು, ಅರಿಶಿನ. ಅದನ್ನು ಅವಳು ಎಂದೂ ತಪ್ಪಿದವಳಲ್ಲ.

ತಪ್ಪಿದವನು ಅವಳ ಗಂಡ ಪಂಚಾಕ್ಷರಿ. ಮದುವೆಗಳ ವಿಡಿಯೊ ತೆಗೆಯುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಮದುವೆಯಾದ ಹೊಸತರಲ್ಲಿ ಒಮ್ಮೆ ಕಸ್ತೂರಿಗೆ ಜ್ವರ ಬಂದು ಮಲಗಿದಾಗ ತಾನೇ ಸಾರು ಮಾಡುತ್ತೇನೆಂದು ಬಂದ. ಯಾವ ಶುಭಕಾರ್ಯಕ್ಕೂ ಮೊದಲು ಅರಿಶಿನವಲ್ಲವೇ ಎಂದು ಕುದಿಯುವ ಎಣ್ಣೆಗೆ ಮೊದಲು ಅದನ್ನೇ ಹಾಕಿದ. ಕಣ್ಣೆದುರೇ ಕಪ್ಪಾಯಿತು. ಆಮೇಲೆ ಇಂಗು, ಮೆಣಸಿನಕಾಯಿ, ಮೆಂತ್ಯ, ಜೀರಿಗೆ, ಉದ್ದಿನಬೇಳೆ. ಮನೆಯೆಲ್ಲಾ ಘಾಟು, ಪಕ್ಕದ ಮನೆಯವರೂ ಕೆಮ್ಮಿದರು. ಒಲೆ ಆರಿಸಿದ ಮೇಲೆ ಕೊನೆಗೆ ಸಾಸಿವೆ. ಯಾಕೆಂದು ಕೇಳಿದರೆ, ತಟ್ಟೆಯಲ್ಲಿ ಯಾವಾಗಲೂ ಮೇಲೆ ಕಾಣುವುದು ಸಾಸಿವೆ, ಅಂದರೆ ಅದನ್ನು ಕೊನೆಗೇ ಹಾಕುತ್ತಾರೆ ಎಂದ. ಉಣ್ಣುವವನ ತರ್ಕ. ಕಸ್ತೂರಿ ಜ್ವರದಲ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಕಥೆಯನ್ನು ನೆಂಟರಿಷ್ಟರ ಮುಂದೆ ಎಷ್ಟು ಸಲ ಹೇಳಿದಳೋ, ಪ್ರತಿ ಸಲವೂ ಅವನು ತಲೆ ಕೆರೆದುಕೊಳ್ಳುತ್ತಿದ್ದ.

ಅವಳು ನಗದೇ ಇದ್ದ ವಿಷಯ ಒಂದೇ, ಜೂಜು. ಅವಳ ಅಣ್ಣ ಮಟ್ಕಾದ ಹಿಂದೆ ಬಿದ್ದು ಹೊಲಿಗೆ ಅಂಗಡಿ, ಮಷಿನ್ನು, ಕೊನೆಗೆ ಹೆಂಡತಿಯ ಕಿವಿಯೋಲೆಯನ್ನೂ ಕಳೆದವನು. ಹಾಗಾಗಿ ಪುಕ್ಕಟೆ ಬರುವ ರೊಕ್ಕ ಈ ಮನೆಯ ಹೊಸ್ತಿಲು ದಾಟಬಾರದೆಂದು ಗಂಡನಿಂದ ಮಾತು ತೆಗೆದುಕೊಂಡಿದ್ದಳು. ಪಂಚಾಕ್ಷರಿ ಆ ಮಾತಿಗೆ ಬಹಳ ಹೆದರುತ್ತಿದ್ದ.

ಹೆದರಿಕೆ ಏಕೆಂದು ನನಗೆ ಗೋಡೆಯಾಚೆಯ ಮಾತುಗಳಿಂದ ತಿಳಿಯಿತು. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ವಿಡಿಯೊ ಜೋಡಿಸುವ ದೊಡ್ಡ ಕಂಪ್ಯೂಟರುಗಳು ಸುಮ್ಮನೆ ಕೂತಿರುತ್ತಿದ್ದವು. ಬಹಳ ವರ್ಷಗಳ ಹಿಂದೆ ಗೆಳೆಯನೊಬ್ಬ ಹೇಳಿಕೊಟ್ಟನೆಂದು ಅವನು ಅವುಗಳನ್ನು ಬಿಟ್‌ಕಾಯಿನ್ ಗಳಿಸಲು ಹಚ್ಚಿದ್ದ. ಕಂಪ್ಯೂಟರು ಹಗಲಿರುಳು ಕಷ್ಟದ ಲೆಕ್ಕ ಬಿಡಿಸಬೇಕು, ಅದಕ್ಕೆ ಕೂಲಿಯಾಗಿ ಕೈಗೆ ಸಿಗದ, ಕಣ್ಣಿಗೆ ಕಾಣದ ನಾಣ್ಯ ಸಿಗುತ್ತದೆ. ಆಗ ಅದಕ್ಕೆ ಬೆಲೆಯೇ ಇರಲಿಲ್ಲ. ಬೆಲೆ ಬಂದಾಗ ಹೆಂಡತಿಗೆ ಹೇಳುವ ಧೈರ್ಯವಿರಲಿಲ್ಲ. ಇದು ಮಟ್ಕಾ ಅಲ್ಲ ಎಂದು ಅವಳಿಗೆ ಹೇಗೆ ತಿಳಿಹೇಳುವುದು? ಈ ದೀಪಾವಳಿ ಮುಗಿಯಲಿ, ಈ ಮದುವೆ ಸೀಸನ್ ಮುಗಿಯಲಿ ಎಂದು ಮುಂದೂಡುತ್ತಲೇ ಹೋದ.

ಹೀಗಿರುವಾಗ ಆ ಗೆಳೆಯ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವನ ಹತ್ತಿರವೂ ಇಂಥದೇ ನಾಣ್ಯಗಳಿದ್ದವು. ಅವನ ಹೆಂಡತಿ, ಕಸ್ತೂರಿ ಇಲ್ಲದ ಹೊತ್ತಿನಲ್ಲಿ, ನಮ್ಮ ಸ್ಟುಡಿಯೊಗೇ ಬಂದು ಅತ್ತಳು. ಬ್ಯಾಂಕಾದರೆ ನಾಮಿನಿಯ ಹೆಸರು ಇರುತ್ತದೆ, ಮ್ಯಾನೇಜರನಾದರೂ ಇರುತ್ತಾನೆ. ಇಲ್ಲಿ ಕೇಳಲು ಬಾಗಿಲೇ ಇಲ್ಲ. ಹನ್ನೆರಡು ಪದಗಳ ಒಂದು ಸಾಲು ಕ್ರಮ ತಪ್ಪದೆ ಗೊತ್ತಿದ್ದರೆ ಎಲ್ಲಾ ನಿನ್ನದು, ಗೊತ್ತಿಲ್ಲದಿದ್ದರೆ ಏನೂ ಇಲ್ಲ. ಆ ಸಾಲು ಅವನ ಜೊತೆಗೇ ಮಣ್ಣಾಗಿತ್ತು. ಅವಳು ಹೋದ ಮೇಲೆ ಪಂಚಾಕ್ಷರಿ ಊಟ ಮಾಡಲಿಲ್ಲ.

ಅಂದಿನಿಂದ ಅವನಿಗೆ ಒಂದೇ ಚಿಂತೆ: ತನ್ನ ಹನ್ನೆರಡು ಪದ ಕಸ್ತೂರಿಗೂ ಮಗಳು ಪೂರ್ಣಿಮಾಳಿಗೂ ಮುಟ್ಟುವುದು ಹೇಗೆ? ಕಾಗದದಲ್ಲಿ ಬರೆದರೆ ಗೆದ್ದಲು ತಿನ್ನುತ್ತದೆ, ಇಲ್ಲವೇ ಯಾರದೋ ಕಣ್ಣಿಗೆ ಬೀಳುತ್ತದೆ. ಮೊಬೈಲಿನಲ್ಲಿಟ್ಟರೆ ಕಳ್ಳರಿಗೆ ತಾನೇ ಕೈಯಾರೆ ಕೊಟ್ಟಂತೆ. ಬೇರೆಯವರ ಹತ್ತಿರ ಕೊಟ್ಟರೆ ಅದು ಅವರದೇ ಆಗುತ್ತದೆ. ಅಡುಗೆಮನೆಯಲ್ಲಿ ನೀರು ಕುಡಿಯಲು ಬಂದವನು ನನ್ನತ್ತ ನೋಡುತ್ತ ಬಹಳ ಹೊತ್ತು ನಿಂತ. ಬೆಂಕಿಗೆ ಹೆದರದ, ನೀರಿಗೆ ಜಗ್ಗದ, ಎಂಥ ಕಳ್ಳನೂ ಕದಿಯದ ವಸ್ತು ಮನೆಯಲ್ಲಿ ನಾನೊಂದೇ ಎಂದು ಅವನಿಗೆ ಹೊಳೆದಿರಬೇಕು. ನನಗೆ ಸ್ವಲ್ಪ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಟ್ರೈಪಾಡು, ಲೈಟುಗಳು ಕಲ್ಯಾಣ ಮಂಟಪಗಳಲ್ಲಿ ಅದಲುಬದಲಾಗದಿರಲೆಂದು ಅವುಗಳ ಮೇಲೆ ಸ್ಟುಡಿಯೊದ ಹೆಸರು ಕೊರೆಯಲು ಅವನು ಒಂದು ಮಷಿನ್ನು ಇಟ್ಟಿದ್ದ. ಒಂದು ಮಧ್ಯಾಹ್ನ ಕಸ್ತೂರಿ ಮಠದ ಭಜನೆಗೆ ಹೋದಾಗ ಅದನ್ನು ತಂದ. ನನ್ನ ಬಟ್ಟಲುಗಳನ್ನು ಒಂದೊಂದಾಗಿ ಬರಿದು ಮಾಡಿ, ಬೋರಲು ಹಾಕಿ, ತಳದಲ್ಲಿ ಕೊರೆದ. ಐದಕ್ಕೆ ಎರಡೆರಡು ಪದ, ಎರಡಕ್ಕೆ ಒಂದೊಂದು. ನದಿ, ಛತ್ರಿ, ಆಮೆ ಎನ್ನುವಂಥ ಸಾದಾ ಅರ್ಥದ ಇಂಗ್ಲಿಷ್ ಪದಗಳು. ಆದರೆ ಶುರು ಮಾಡಿದ್ದು ಅರಿಶಿನದ ಬಟ್ಟಲಿನಿಂದ. ಬಾಯಲ್ಲಿ ‘ಅರಿಶಿನ, ಇಂಗು, ಮೆಣಸಿನಕಾಯಿ’ ಎಂದು ಗೊಣಗುತ್ತಿದ್ದ. ಕೊನೆಯ ಪದ ಹೋಗಿ ಕೂತದ್ದು ಸಾಸಿವೆಯ ತಳದಲ್ಲಿ. ಇದು ತಿರುಗುಮುರುಗು ಎಂದು ನಾನು ಕೂಗಿಕೊಂಡೆ. ಡಬ್ಬಿಯ ಕೂಗು ಯಾರಿಗೆ ಕೇಳಬೇಕು?

ಬಟ್ಟಲು ತಿಕ್ಕುವಾಗ ಕಸ್ತೂರಿ ಗೀಚು ನೋಡಿ ರೇಗಿದಳು. ಅವ್ವ ಕೊಟ್ಟ ಡಬ್ಬಿಯ ಮೇಲೇ ಮಷಿನ್ನು ಪರೀಕ್ಷೆ ಮಾಡಬೇಕಿತ್ತೇ ಎಂದು ಬೈದಳು. ಅವನು ತಲೆ ಕೆರೆದುಕೊಂಡ.

ಮುಂದಿನ ಸಲ ಪೂರ್ಣಿಮಾ ಊರಿಗೆ ಬಂದಾಗ ಅವಳನ್ನು ನನ್ನ ಹತ್ತಿರ ಕರೆದುಕೊಂಡು ಬಂದ. ಅವಳು ಹುಬ್ಬಳ್ಳಿಯ ಔಷಧ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಯಾವ ಆ್ಯಪ್ ತೆರೆಯಬೇಕು, ಪದಗಳನ್ನು ಎಲ್ಲಿ ಹಾಕಬೇಕು, ಯಾರು ಕೇಳಿದರೂ ಹೇಳಬಾರದು, ಫೋಟೊ ತೆಗೆಯಬಾರದು ಎಂದು ಎಲ್ಲವನ್ನೂ ಬಿಡಿಸಿ ಹೇಳಿದ. ಕ್ರಮ ಯಾವುದೆಂದು ಅವಳು ಕೇಳಿದಾಗ ಮಾತ್ರ ನಕ್ಕ.

“ಒಗ್ಗರಣಿ ಹಾಕಿದ ಕ್ರಮ. ಅದು ನಿಮ್ಮವ್ವಗ ಗೊತ್ತೈತಿ,” ಎಂದ. “ನೀ ಒಬ್ಬಾಕಿನ ತಗೀಬಾರದು, ಆಕಿ ಒಬ್ಬಾಕಿನೂ ತಗೀಬಾರದು. ಇಬ್ಬರೂ ಕೂಡಿ ಕುಂತ್ರ ಮಾತ್ರ ಅದು ತೆರೀಬೇಕು.”

ಅವ್ವನಿಗೆ ಯಾವಾಗ ಹೇಳುತ್ತೀಯೆಂದು ಅವಳು ಕೇಳಿದಳು. ಈ ದೀಪಾವಳಿ ಮುಗಿಯಲಿ ಎಂದ.

ದೀಪಾವಳಿಗೆ ಮೊದಲೇ, ಲಕ್ಕುಂಡಿಯ ಮದುವೆಯೊಂದನ್ನು ಮುಗಿಸಿ ಕ್ಯಾಮೆರಾ ಚೀಲಕ್ಕೆ ಹಾಕುವಾಗ ಅವನ ಎದೆ ನಿಂತಿತು.

ಮನೆ ತುಂಬ ಜನ ಬಂದರು. ಬಂದ ಹೆಂಗಸರು ಅಡುಗೆಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿದರು, ನನ್ನ ಬಟ್ಟಲುಗಳನ್ನು ಅದಲುಬದಲು ಮಾಡಿ ಇಟ್ಟರು. ದೂರದ ಅತ್ತೆಯೊಬ್ಬಳು ನನ್ನನ್ನು ತಿರುಗಿಸಿ ನೋಡಿ, ಗೀಚಿ ಹಾಳಾದ ಡಬ್ಬಿ, ಗುಜರಿ ಅಂಗಡಿಗೆ ಹಾಕಿ ಹೊಸದು ತಗೋ ಎಂದಳು. ಪೂರ್ಣಿಮಾ ನನ್ನನ್ನೆತ್ತಿ ತನ್ನ ಬ್ಯಾಗಿನೊಳಗೆ ಇಟ್ಟುಕೊಂಡಳು. ನೆಂಟರೆಲ್ಲ ಹೋಗುವವರೆಗೆ ನಾನು ಅವಳ ಬಟ್ಟೆಗಳ ನಡುವೆ ಕತ್ತಲಲ್ಲಿದ್ದೆ.

ಮನೆ ಖಾಲಿಯಾದ ಮೇಲೆ ಅವಳು ತಾಯಿಯ ಮುಂದೆ ನನ್ನನ್ನಿಟ್ಟು ಎಲ್ಲವನ್ನೂ ಹೇಳಿದಳು. ಕಸ್ತೂರಿ ಅಂದ ಮಾತು ನನ್ನ ತಗಡನ್ನೂ ಚುಚ್ಚಿತು.

“ಇಷ್ಟು ವರ್ಷ ಒಂದ ತಟ್ಟೆದಾಗ ಉಂಡೀವಿ. ನನ್ನ ಮುಂದ ಮುಚ್ಚಿಟ್ರಲ್ಲ. ನಮ್ಮಣ್ಣನೂ ಹಿಂಗ ಮುಚ್ಚಿಟ್ಟಿದ್ದ.”

ಇದು ಜೂಜಲ್ಲ, ಕಂಪ್ಯೂಟರು ದುಡಿದ ಕೂಲಿ ಎಂದು ಮಗಳು ಬಗೆಬಗೆಯಾಗಿ ಹೇಳಿದಳು. ತಾಯಿ ಕೇಳಲಿಲ್ಲ. ರೊಕ್ಕ ಬೇಡ, ಡಬ್ಬಿಯನ್ನು ಅದರ ಜಾಗದಲ್ಲಿಡು ಎಂದಳು. ಅವಳಿಗೆ ರೊಕ್ಕದ ಸಿಟ್ಟಲ್ಲ. ತಾನು ಬಾಳಿದ ಮನುಷ್ಯ ಯಾರು ಎಂಬುದೇ ಅವಳಿಗೆ ಅನುಮಾನವಾಗಿಬಿಟ್ಟಿತ್ತು. ಸತ್ತವನನ್ನು ಕೂರಿಸಿ ಕೇಳುವಂತಿಲ್ಲ. ನನಗೆ ಆ ದಿನಗಳಲ್ಲಿ ಬಹಳ ದುಃಖವಾಯಿತು. ಅವನ ಹೆದರಿಕೆಯನ್ನೂ ನೋಡಿದ್ದೆ, ಅದರ ಹಿಂದಿನ ಪ್ರೀತಿಯನ್ನೂ ನೋಡಿದ್ದೆ. ಎರಡನ್ನೂ ಹೇಳಲು ನನಗೆ ಬಾಯಿರಲಿಲ್ಲ.

ಪೂರ್ಣಿಮಾ ಹುಬ್ಬಳ್ಳಿಗೆ ಹೊರಡುವ ಮುಂಜಾನೆ ಇನ್ನೊಂದು ಮಾತು ಹೇಳಿದಳು. “ಅವ್ವಾ, ಕ್ರಮ ಅಪ್ಪ ನನಗ ಹೇಳಿಲ್ಲ. ನಿನ್ನ ಕಡೆನ ಬಿಟ್ಟಾನ. ನಿನ್ನ ಮ್ಯಾಲ ಭರೋಸಾ ಇರಲಿಲ್ಲಂದ್ರ ಹಂಗ ಮಾಡ್ತಿದ್ದನೇನು?”

ಕಸ್ತೂರಿ ಕೈ ತೊಳೆದುಕೊಂಡು ಬಂದು ನನ್ನ ಮುಂದೆ ಕೂತಳು. ಅದಲುಬದಲಾಗಿದ್ದ ಬಟ್ಟಲುಗಳನ್ನು ತಗ್ಗು, ಕಲೆ, ವಾಸನೆ ನೋಡಿ, ಉಳಿದವನ್ನು ಇಷ್ಟು ವರ್ಷ ತಿಕ್ಕಿದ ಕೈಯ ನೆನಪಿನಿಂದ ಗುರುತಿಸಿ ಜೋಡಿಸಿದಳು. ಆಮೇಲೆ ಸಾಸಿವೆಯ ಬಟ್ಟಲಿನಿಂದ ಶುರುಮಾಡಿ ಒಂದೊಂದನ್ನೇ ಬೋರಲು ಹಾಕುತ್ತ ಹೋದಳು. ಮಗಳು ಓದಿ ಮೊಬೈಲಿಗೆ ಹಾಕಿದಳು. ತಪ್ಪು ಎಂದು ಬಂತು. ಉದ್ದಿನಬೇಳೆ, ಜೀರಿಗೆ ಹಿಂದುಮುಂದು ಮಾಡಿದರು. ತಪ್ಪು. ಮೆಂತ್ಯ ಮೊದಲು ತಂದರು. ಅದೂ ತಪ್ಪು. ನಾನು ಕೂತಲ್ಲೇ ಒದ್ದಾಡುತ್ತಿದ್ದೆ.

ಏಳು ಬಟ್ಟಲೆಂದರೆ ಐದು ಸಾವಿರ ನಮೂನೆ ಆಗುತ್ತದೆ, ಕೂತು ಒಂದೊಂದೇ ನೋಡುವುದು ಕಷ್ಟ, ಕಂಪ್ಯೂಟರು ಬಲ್ಲವರ ಕೈಗೆ ಕೊಟ್ಟರೆ ಪದಗಳು ಅವರ ಪಾಲಾಗುತ್ತವೆ ಎಂದು ಪೂರ್ಣಿಮಾ ಸೋತ ದನಿಯಲ್ಲಿ ಹೇಳಿದಳು. ಕಸ್ತೂರಿ ಬೋರಲು ಬಿದ್ದ ಬಟ್ಟಲುಗಳನ್ನೇ ನೋಡುತ್ತಿದ್ದಳು.

“ನಿಮ್ಮಪ್ಪ ಏನಂದಿದ್ರು? ಇನ್ನೊಮ್ಮೆ ಹೇಳು.”

“ಒಗ್ಗರಣಿ ಹಾಕಿದ ಕ್ರಮ ಅಂದ. ನಿಮ್ಮವ್ವಗ ಗೊತ್ತೈತಿ ಅಂದು ನಕ್ಕ.”

“ಯಾರು ಹಾಕಿದ್ದು ಅಂತ ಅಂದಿಲ್ಲಲ್ಲ.”

ಅವಳ ಕೈ ಅರಿಶಿನದ ಬಟ್ಟಲಿನ ಕಡೆ ಹೋಯಿತು. ಅದನ್ನು ಮೊದಲಿಟ್ಟಳು. ಪಕ್ಕದಲ್ಲಿ ಇಂಗು, ಮೆಣಸಿನಕಾಯಿ, ಮೆಂತ್ಯ, ಜೀರಿಗೆ, ಉದ್ದಿನಬೇಳೆ. ಸಾಸಿವೆಯದನ್ನು ಕೊನೆಗೆ ಇಟ್ಟಳು. ಮಗಳು ಓದಿ ಹಾಕಿದಳು. ಈ ಸಲ ಮೊಬೈಲು ತಪ್ಪು ಎನ್ನಲಿಲ್ಲ. ತೆರೆಯಿತು.

ಎಷ್ಟಿದೆ ಎಂದು ಕಸ್ತೂರಿ ಕೇಳಲೇ ಇಲ್ಲ. ಮೊದಲು ನಕ್ಕಳು, ಜ್ವರದಲ್ಲಿ ನಕ್ಕಂತೆಯೇ ಹೊಟ್ಟೆ ಹಿಡಿದುಕೊಂಡು. ನಗುತ್ತಲೇ ಅತ್ತಳು. ಗಂಡ ಹೋದ ಮೇಲೆ ಅವಳು ಹಾಗೆ ಅತ್ತದ್ದು ಅದೇ ಮೊದಲು. ಅಪ್ಪನಿಗೆ ಸರಿಯಾದ ಕ್ರಮ ಕೊನೆಗೂ ಬರಲಿಲ್ಲವೋ, ಬೇಕೆಂದೇ ಹೀಗೆ ಮಾಡಿದನೋ ಎಂದು ಮಗಳು ಕೇಳಿದಳು. ನನಗೂ ಅದು ಇಂದಿನವರೆಗೆ ಗೊತ್ತಿಲ್ಲ. ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡು, ಬೇಕೆಂದೇ ಮಾಡಿದ್ದು ಎಂದಳು. ಅವಳಿಗೆ ಅದು ಸಾಕಾಗಿತ್ತು.

ಆದರೂ ಅವಳು ಗಂಡನನ್ನು ಪೂರ್ತಿ ಬಿಟ್ಟುಕೊಡಲಿಲ್ಲ, ಪೂರ್ತಿ ಕ್ಷಮಿಸಲೂ ಇಲ್ಲ. ಇಷ್ಟು ಸರ್ಕಸ್ ಮಾಡುವ ಬದಲು ಎದುರು ಕೂತು ಒಂದು ಮಾತು ಹೇಳಿದ್ದರೆ ತಾನೇನು ನುಂಗಿಬಿಡುತ್ತಿದ್ದೆನೇ ಎಂದು ಈಗಲೂ ಫೋಟೊದ ಮುಂದೆ ಬೈಯುತ್ತಾಳೆ. ಬೈದದ್ದು ಸರಿಯೇ. ನಾನೊಂದು ಮುಚ್ಚಳದ ವಸ್ತು, ಮುಚ್ಚಿಡುವುದರ ಬಗ್ಗೆ ನನಗೂ ಸ್ವಲ್ಪ ಗೊತ್ತು. ಮುಚ್ಚಳ ಇರುವುದು ಇರುವೆಗೆ, ತೇವಕ್ಕೆ, ಹೊರಗಿನ ಗಾಳಿಗೆ. ಮನೆಯವರ ಕೈ ಬಂದಾಗ ಅದು ತೆರೆಯಬೇಕು. ಆ ದಿನ ಅಂಗಡಿಗೆ ಹಾಕಿದ್ದರೆ ನಾನು ಕರಗಿ ಯಾವುದೋ ಲೋಟವಾಗುತ್ತಿದ್ದೆ, ಅವನ ಇಷ್ಟು ವರ್ಷದ ಆಷಾಢಗಳೆಲ್ಲ ನನ್ನ ಜೊತೆ ಕರಗುತ್ತಿದ್ದವು.

ತಾಯಿ ಮಗಳು ಆಮೇಲೆ ವಕೀಲರ ಹತ್ತಿರ ಹೋಗಿ ಉಯಿಲು ಬರೆಸಿದರು. ನಾಣ್ಯಗಳನ್ನು ಹೊಸ ಪದಗಳ ಹಿಂದೆ ಇಟ್ಟರು. ಆ ಪದಗಳು ಎಲ್ಲಿವೆ ಎಂದು ಇಬ್ಬರಿಗೂ ಗೊತ್ತು, ಇಬ್ಬರಿಗೂ ತೆರೆಯಲು ಬರುತ್ತದೆ. ಪೂರ್ಣಿಮಾ ಬಂದಾಗಲೆಲ್ಲ ತಾಯಿಯ ಕೈಯಿಂದ ತೆರೆಸಿ, ಮುಚ್ಚಿಸಿ, ಪಾಠ ಒಪ್ಪಿಸಿಕೊಳ್ಳುತ್ತಾಳೆ. ಕಸ್ತೂರಿ ಕನ್ನಡಕ ಏರಿಸಿಕೊಂಡು ತಪ್ಪಿಲ್ಲದೆ ಒಪ್ಪಿಸುತ್ತಾಳೆ.

ನನ್ನ ತಳದಲ್ಲಿರುವ ಪದಗಳಿಂದ ಈಗ ಯಾವ ಬಾಗಿಲೂ ತೆರೆಯುವುದಿಲ್ಲ. ನನ್ನ ಮುಚ್ಚಳವೂ ಸಡಿಲಾಗಿದೆ. ದಿನದ ಅಡುಗೆಗೆ ಗಾಜಿನ ಮುಚ್ಚಳದ ಹೊಸ ಡಬ್ಬಿ ಬಂದಿದೆ, ನೋಡಲು ಚೆಂದ, ಸ್ವಲ್ಪ ಸೊಕ್ಕು. ನಾನು ಮೇಲಿನ ಹಲಗೆಯ ಮೂಲೆಯಲ್ಲಿ ಕೂತು ಕಾಯುತ್ತೇನೆ.

ಏಕೆಂದರೆ ಅವನು ಹೋದ ದಿನ ಪ್ರತಿ ವರ್ಷ ಬರುತ್ತದೆ. ಅಂದು ಕಸ್ತೂರಿ ಸ್ಟೂಲು ಹತ್ತಿ ನನ್ನನ್ನು ಇಳಿಸುತ್ತಾಳೆ, ಏಳೂ ಬಟ್ಟಲು ತುಂಬುತ್ತಾಳೆ, ಸಾರಿಗೆ ಎಣ್ಣೆ ಕಾಯಿಸುತ್ತಾಳೆ. ಮೊದಲು ಅರಿಶಿನ ಹಾಕುತ್ತಾಳೆ. ಅದು ಕಪ್ಪಾಗುತ್ತದೆ, ಮನೆಯೆಲ್ಲಾ ಘಾಟಾಗುತ್ತದೆ, ಪಕ್ಕದ ಮನೆಯವರು ಕೆಮ್ಮುತ್ತಾರೆ. ಒಲೆ ಆರಿಸಿದ ಮೇಲೆ ಕೊನೆಗೆ ಸಾಸಿವೆ. ಅದು ಸಿಡಿಯುವುದಿಲ್ಲ. ಆ ಕಹಿ ಸಾರನ್ನು ಅವಳು ಅನ್ನಕ್ಕೆ ಕಲಸಿಕೊಂಡು, ತಟ್ಟೆ ಬಳಿದು ಉಣ್ಣುತ್ತಾಳೆ.