ಭಾವನ ಅಡಿಯಲ್ಲಿದ್ದ ಕೆಸರು

"ಮೂಗು ಮುಚ್ಕೊಳ್ಳೋಕೆ ನೀವೇನು ಮಹಾರಾಜರ ವಂಶಾನಾ? ಕೈ ತೆಗೀರೋ ಬೋಳೀಮಕ್ಳಾ, ಇಟ್ಟಿಗೆ ಸರ್ಸಿ!"

ಹೀಗೆ ಕೂಗಿದ ಠಾಣೆಯ ಸಣ್ಣ ಸಾಹೇಬ ತನ್ನ ಮೂಗಿಗೆ ಮಾತ್ರ ಎರಡು ಕರವಸ್ತ್ರ ಕಟ್ಟಿಕೊಂಡಿದ್ದ. ನಾವು ನಾಲ್ವರು ಚರಂಡಿ ಬಳಿಯುವವರು. ಚಂಡಮಾರುತ ಬಂದು ಹೋದ ಮೇಲೆ ನಮಗೆ ಬಡ್ತಿ ಸಿಕ್ಕಿ ಹೆಣ ಎತ್ತುವವರಾಗಿದ್ದೆವು.

ಆ ಗಾಳಿಯ ಸಂಗತಿ ಹೇಳಿದರೆ ಸುಳ್ಳು ಅನ್ನುತ್ತೀರಿ. ಅನ್ನಿ, ನನಗೇನು! ಎಲ್ಲಿಂದಲೋ ಹಾರಿ ಬಂದ ಎಮ್ಮೆಯೊಂದು ಸರ್ಕಾರಿ ಕಚೇರಿಯ ತಾರಸಿ ಮೇಲೆ ಇಳಿದು, ಎರಡು ದಿನ ಅಲ್ಲೇ ಮೆಲುಕು ಹಾಕುತ್ತಾ ನಿಂತಿತ್ತು. ಕೆಳಗೆ ಕುರ್ಚಿಯಲ್ಲಿ ಕೂತವರಿಗಿಂತ ಅದೇ ವಾಸಿ, ಕೂಗಿದರೆ ತಿರುಗಿಯಾದರೂ ನೋಡುತ್ತಿತ್ತು. ನನ್ನ ಜೊತೆಗಾರ ಮೊಂಡ, ಎಡಗೈಯಲ್ಲಿ ಎರಡು ಬೆರಳಿಲ್ಲದವನು, ಗಾಳಿಗೆ ಎದುರು ನಿಂತು ಒಂದು ಕೆಟ್ಟ ಬೈಗುಳ ಬೈದ. ಅದು ಹಾರಿಕೊಂಡು ಹೋಗಿ ಮೂರು ದಿನದ ಮೇಲೆ ಪಕ್ಕದೂರಿನಲ್ಲಿ ಕೇಳಿಸಿತಂತೆ. ಅಲ್ಲಿ ಯಾರೋ ತಮಗೇ ಅಂದದ್ದೆಂದು ಜಗಳಕ್ಕೆ ಬಂದಿದ್ದರು.

ಗಾಳಿ ಬಂದದ್ದು ಮಂಗಳವಾರ. ಶನಿವಾರ ಬೆಳಿಗ್ಗೆ ನಾವು ಗೋದಾಮಿನ ಹಿಂದೆ ಬಿದ್ದಿದ್ದ ಗೋಡೆಯ ಇಟ್ಟಿಗೆ ಸರಿಸುತ್ತಿದ್ದೆವು. ಅಡಿಯಲ್ಲಿ ಒಂದು ಹೆಣ. ಮುಖದ ಮೇಲಿನ ಇಟ್ಟಿಗೆ ತೆಗೆದೆ. ನನ್ನ ಭಾವ. ಅಕ್ಕನ ಗಂಡ, ಅದೇ ಗೋದಾಮಿನ ಕಾವಲುಗಾರ.

ಅಕ್ಕನಿಗೆ ಹೇಳಿಕಳಿಸಿದೆ.

ಸುದ್ದಿ ಕೇಳಿ ಅಕ್ಕ ಓಡಿ ಬರುವಷ್ಟರಲ್ಲಿ ಸಣ್ಣ ಸಾಹೇಬ ಕಾಗದ ಬರೆದು ಮುಗಿಸಿದ್ದ.

"ಮಂಗಳವಾರದ ಗಾಳಿಗೆ ಗೋಡೆ ಕುಸಿದು ಸಾವು. ಹೆಬ್ಬೆಟ್ಟು ಒತ್ತಮ್ಮ."

"ಬುಧವಾರ ನನ್ನ ಕೈಲಿ ಬೈಸ್ಕೊಂಡು ಹೋದೋನು ಮಂಗಳವಾರ ಹೆಂಗೆ ಸಾಯ್ತಾನೆ ಸಾಹೇಬ್ರೆ?"

"ದುಃಖದಲ್ಲಿ ನಿಂಗೆ ದಿನ ತಪ್ಪೋಗಿದೆ."

"ಗಂಡನ್ನ ಬೈದ ದಿನ ಯಾವ ಹೆಂಡ್ತಿಗೂ ತಪ್ಪಲ್ಲ. ಸೂರಿಲ್ದೆ ಮಕ್ಳು ನೆನೀತಿದ್ವು. ಸರ್ಕಾರ ಊರಿಗೆ ಕಳ್ಸಿದ ಟಾರ್ಪಾಲೆಲ್ಲ ಧಣಿ ಗೋದಾಮಲ್ಲಿ ಬೀಗ ಹಾಕಿ ಇಟ್ಟಿದ್ದಾನೆ, ಹೋಗಿ ಬಾಗ್ಲು ತೆಗ್ದು ಎಲ್ರನ್ನೂ ಕರೀತೀನಿ ಅಂದ. ಬರೀ ಬಾಯಲ್ಲೇ ಆಯ್ತು ನಿನ್ನ ಗಂಡಸ್ತನ ಅಂದೆ. ಎದ್ದು ಹೋದ. ಆಮೇಲೆ ಬರ್ಲೇ ಇಲ್ಲ."

ಗೋದಾಮಿನ ಧಣಿ ಪಕ್ಕದಲ್ಲೇ ಕೊಡೆ ಹಿಡಿದು ನಿಂತಿದ್ದ. "ಪಾಪ, ಒಳ್ಳೆ ಆಳು. ನನ್ನ ಗೋಡೆ ಕಾಯ್ತಾ ಕಾಯ್ತಾ ಅದರ ಅಡಿಗೇ ಹೋದ," ಎಂದು ಲೊಚಗುಟ್ಟಿದ.

ಭಾವನನ್ನು ಎತ್ತಿ ಪಕ್ಕಕ್ಕೆ ಮಲಗಿಸಿದೆವು. ಅವನು ಬಿದ್ದಿದ್ದ ಜಾಗ ನೋಡಿದ ಮೊಂಡ ನನ್ನ ಪಕ್ಕೆಗೆ ತಿವಿದ.

ನನಗೆ ಅಕ್ಷರ ಬರುವುದಿಲ್ಲ, ಆದರೆ ಕೆಸರು ಓದಲು ಬರುತ್ತದೆ. ಗಾಳಿಯ ಹಿಂದೆ ನುಗ್ಗಿದ ನೀರು ಬುಧವಾರ ಬೆಳಿಗ್ಗೆ ಇಳಿದು, ಊರಿಗೆಲ್ಲ ಒಂದು ಹಿಡಿ ದಪ್ಪ ಕೆಸರು ಹಾಸಿ ಹೋಗಿತ್ತು. ಮಂಗಳವಾರ ಬಿದ್ದ ಗೋಡೆಗಳೆಲ್ಲ ಆ ಕೆಸರಿನ ಅಡಿಯಲ್ಲಿದ್ದವು. ಈ ಗೋಡೆ ಮಾತ್ರ ಕೆಸರಿನ ಮೇಲೆ. ಭಾವನೂ ಮೇಲೆ. ಅವನ ಬೆನ್ನಿನ ಅಡಿಯಲ್ಲಿದ್ದ ಕೆಸರಿನಲ್ಲಿ ಒಂದು ಬೂಟಿನ ಅಚ್ಚು, ಹಿಮ್ಮಡಿಯಲ್ಲಿ ಕಬ್ಬಿಣದ ಲಾಳ. ಊರಿನಲ್ಲಿ ಅಂಥ ಬೂಟು ಒಂದೇ ಜೊತೆ.

ನಾವೆಲ್ಲ ಧಣಿಯ ಕಾಲು ನೋಡಿದೆವು. ಧಣಿಯೂ ತನ್ನ ಕಾಲು ನೋಡಿಕೊಂಡ. ಆಮೇಲೆ ಏನೋ ಅವಸರದ ಕೆಲಸ ನೆನಪಾದವನಂತೆ ಹೊರಟೇಹೋದ.

"ಏನ್ರೋ ಮಿಕಮಿಕ ನೋಡ್ತೀರ? ಬಳ್ದು ತಿಪ್ಪೆಗೆ ಹಾಕ್ರೋ ಆ ಕೆಸರು!" ಸಣ್ಣ ಸಾಹೇಬ ಕಿರುಚಿದ.

"ಬಳೀತೀವಿ ಬುದ್ಧಿ. ಬಳಿಯೋಕೇ ಹುಟ್ಟಿದ್ದೀವಿ," ಅಂದೆ.

ಅರ್ಧ ಒಣಗಿದ ಹೂಳನ್ನು ನಾವು ಒಡೆಯುವುದಿಲ್ಲ. ಒಡೆದರೆ ಪುಡಿ ಗುಡಿಸಲು ಇನ್ನೊಂದು ಸಲ ಬಗ್ಗಬೇಕು. ಸಲಿಕೆಯಿಂದ ನಾಲ್ಕೂ ಕಡೆ ಕೊಯ್ದು, ಅಡಿಗೆ ಹಲಗೆ ತೂರಿಸಿ ಇಡಿಯಾಗಿ ಎತ್ತುತ್ತೇವೆ. ಇದನ್ನೂ ಹಾಗೆಯೇ, ಕಿತ್ತುಬಿದ್ದಿದ್ದ ಒಂದು ಬಾಗಿಲು ತೂರಿಸಿ ಚಪ್ಪಡಿಯ ಹಾಗೆ ಎತ್ತಿದೆವು. ಅಕ್ಕ ಮೇಲೆ ಬಟ್ಟೆ ಹೊದಿಸಿದಳು. ಭಾವನನ್ನು ಇನ್ನೊಂದು ಬಾಗಿಲಿನ ಮೇಲೆ ಮಲಗಿಸಿದೆವು.

ತಿಪ್ಪೆಯ ದಾರಿ ಎಡಕ್ಕೆ. ನಾವು ಬಲಕ್ಕೆ ತಿರುಗಿದೆವು. ಚೌಕದಲ್ಲಿ ರಾಜಧಾನಿಯಿಂದ ಬಂದ ದೊಡ್ಡ ಸಾಹೇಬರ ಡೇರೆ ಇತ್ತು, ಸುತ್ತ ಕ್ಯಾಮೆರಾ ಹಿಡಿದವರು. ದಾರಿಯಲ್ಲಿ ಜನ ಅದೂ ಹೆಣವೆಂದುಕೊಂಡು ತಲೆ ತಗ್ಗಿಸಿ ಜಾಗ ಬಿಟ್ಟರು. ಕೆಸರಿಗೆ ಸಿಕ್ಕ ಆ ಮರ್ಯಾದೆ ಬದುಕಿದ್ದಾಗ ನಮ್ಮ ಭಾವನಿಗೆ ಸಿಕ್ಕಿರಲಿಲ್ಲ.

ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ದೊಡ್ಡ ಸಾಹೇಬರ ಚಹಾದ ಲೋಟ ತಳ್ಳಿ, ಚಪ್ಪಡಿ ಇಳಿಸಿದೆವು.

"ಏನಿದು ಹೊಲಸು?"

"ನನ್ನ ಗಂಡನ್ನ ಕೊಂದೋನ ಹೆಜ್ಜೆ," ಎಂದು ಅಕ್ಕ ಬಟ್ಟೆ ಸರಿಸಿ ಎಲ್ಲವನ್ನೂ ಹೇಳಿದಳು. "ಕೊಲೆ ಅಂತ ಬರ್ಕೊಳ್ಳಿ. ಬರ್ಕೊಳ್ಳೋವರ್ಗೂ ನಮ್ಮೋರು ಇನ್ನೊಂದು ಹೆಣ ಮುಟ್ಟಲ್ಲ."

ಮೊಂಡ ಸಲಿಕೆಯನ್ನು ಠಣ್ಣನೆ ನೆಲಕ್ಕೆ ಬಿಟ್ಟ. ಬಿಸಿಲು ಏರುತ್ತಿತ್ತು, ಜೊತೆಗೆ ಊರಿನ ವಾಸನೆಯೂ. ದೊಡ್ಡ ಸಾಹೇಬರ ತಲೆಗಿಂತ ಮೊದಲು ಮೂಗಿಗೆ ವಿಷಯ ಅರ್ಥವಾಯಿತು.

"ಗೋದಾಮಿನವನನ್ನ ಕರ್ಸಿ," ಅಂದರು.

ಧಣಿ ಬಂದ. ಬರಿಗಾಲಲ್ಲಿ ಬಂದ. ಅರವತ್ತು ವರ್ಷ ನೆಲ ಕಾಣದ ಆ ಬೆಳ್ಳನೆಯ ಪಾದಗಳು ಗಾಜು, ಮೊಳೆ, ತಗಡಿನ ಚೂರುಗಳ ನಡುವೆ ಕಾದ ಕಾವಲಿ ಮೇಲಿನ ಕೋಳಿಯ ಹಾಗೆ ಕುಪ್ಪಳಿಸುತ್ತಿದ್ದವು.

"ಬೂಟೆಲ್ಲಿ ಧಣೀ?" ಮೊಂಡ ಕೇಳಿದ.

"ಗಾಳಿಗೆ ಹಾರೋಯ್ತು."

"ಬೆಳಗ್ಗೆ ಕಾಲಲ್ಲೇ ಇತ್ತಲ್ಲ! ಅದ್ಯಾವ ಗಾಳಿ, ನಿನ್ನ ಹಿಂದ್ಗಡೆಯಿಂದ ಬಂದಿದ್ದಾ?"

ಚೌಕಕ್ಕೆ ಚೌಕವೇ ಕೊಳ್ಳೆಂದು ನಕ್ಕಿತು. ಕ್ಯಾಮೆರಾದವರೂ ನಕ್ಕರು. ಅಕ್ಕ ನಗಲಿಲ್ಲ. ಅವಳು ಧಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನ ಕಾಲು ಹಿಡಿದುಕೊಂಡಳು.

ಧಣಿಯ ಮುಖ ಅರಳಿತು. ಇಂಥದ್ದು ಅವನು ದಿನಾ ನೋಡಿದ್ದೇ. "ಇರ್ಲಿ ಇರ್ಲಿ, ಏಳು. ಏನೋ ಒಂದು ಮಾಡೋಣ," ಅಂದ.

ಅಕ್ಕ ಏಳಲಿಲ್ಲ. ಕೆಸರಿನ ಅಚ್ಚಿಗೆ ತಾಳೆ ನೋಡಲು ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಗೇಣು ಹಾಕಿದಳು.

"ಒಂದು ಗೇಣು, ಮೂರು ಬೆರಳು," ಎಂದು ಮೇಜಿನತ್ತ ತಿರುಗಿ ಕೂಗಿದಳು. "ಬರ್ಕೊಂಡ್ರಾ ಸಾಹೇಬ್ರೆ? ಇನ್ನೊಂದು ಕಾಲು ಕೊಡೋ ಲೋಫರ್."